ಹೊರಗೇ ಎಲ್ಲಾದ್ರೂ ಸಿಗೋಣ

ಬೆಂಗಳೂರಿನಲ್ಲಿ ನೆಂಟರನ್ನು ನೋಡಲು ಹೋಗುವುದಕ್ಕೂ ನೆಂಟರ ಮನೆಗೆ ಹೋಗುವುದಕ್ಕೂ ಈಗ ಯಾವ ಸಂಬಂಧವೂ ಉಳಿದಿಲ್ಲ. ಬನಶಂಕರಿಯ ಚಿಕ್ಕಪ್ಪ ಹೆಬ್ಬಾಳದ ಅಣ್ಣನ ಮಗನಿಗೆ ಫೋನು ಹಚ್ಚಿ "ತುಂಬಾ ದಿನ ಆಯ್ತಲ್ಲೋ, ಈ ಭಾನುವಾರ ಬರೋಣ ಅಂತಿದೀವಿ" ಅಂದರೆ ಆ ಕಡೆ ಕೊಂಚ ಹೊತ್ತು ಸದ್ದಿಲ್ಲ. ಆ ಹೊತ್ತಿನಲ್ಲಿ ಗಂಡ ಹೆಂಡತಿಯ ಮುಖ ನೋಡುತ್ತಾನೆ, ಹೆಂಡತಿ ಸೋಫಾ ನೋಡುತ್ತಾಳೆ, ಸೋಫಾದ ಮೇಲೆ ಮಡಚದೆ ಬಿದ್ದ ಬಟ್ಟೆಯ ರಾಶಿ ಇಬ್ಬರನ್ನೂ ನೋಡುತ್ತದೆ. ಆಮೇಲೆ ಉತ್ತರ ಬರುತ್ತದೆ: "ಅಯ್ಯೋ, ಆ ಟ್ರಾಫಿಕ್ಕಲ್ಲಿ ನೀವ್ಯಾಕೆ ಇಷ್ಟು ದೂರ ಬರ್ತೀರಾ ಚಿಕ್ಕಪ್ಪ? ಹೊರಗೇ ಎಲ್ಲಾದ್ರೂ ಸಿಗೋಣ." ಚಿಕ್ಕಪ್ಪನಿಗೂ ಹಾಯೆನಿಸುತ್ತದೆ. ಅವರು ತಾವಾಗಿಯೇ ಫೋನು ಮಾಡಿದ್ದು, ಸುಮ್ಮನಿದ್ದರೆ ಎಲ್ಲಿ ಇವರೇ "ನಾವೇ ಬರ್ತೀವಿ" ಅಂದುಬಿಡುತ್ತಾರೋ ಎಂಬ ಭಯಕ್ಕೆ.

ಮನೆಗೆ ಹೋಗುವುದು ಸುಲಭವೂ ಅಲ್ಲ ಬಿಡಿ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹೆಸರು ಹೇಳಬೇಕು, ಫೋನ್ ನಂಬರು ಕೊಡಬೇಕು, ಕ್ಯಾಮೆರಾಕ್ಕೆ ಮುಖ ಒಡ್ಡಬೇಕು. ತಾನು ಎತ್ತಿ ಆಡಿಸಿದ ಹುಡುಗ ಮೇಲೆ ಹನ್ನೊಂದನೇ ಮಹಡಿಯಲ್ಲಿ ಕೂತು ಆ್ಯಪ್‌ನಲ್ಲಿ ಒಪ್ಪಿಗೆ ಒತ್ತುವ ತನಕ ಚಿಕ್ಕಪ್ಪ ಕೊರಿಯರ್ ಹುಡುಗನ ಪಕ್ಕದಲ್ಲಿ ನಿಂತಿರಬೇಕು. ಕೊರಿಯರ್‌ನವನಿಗೆ ಬೇಗ ಒಪ್ಪಿಗೆ ಸಿಗುತ್ತದೆ. ಕಾರನ್ನು ಒಳಗೆ ಬಿಡುವುದಿಲ್ಲ. ವಿಸಿಟರ್ ಪಾರ್ಕಿಂಗ್ ಎಂದು ಬರೆದಲ್ಲಿ ಸಂಘದ ಅಧ್ಯಕ್ಷರ ಎರಡನೇ ಕಾರು ನಿಂತಿರುತ್ತದೆ. ಆ ಮನೆಯನ್ನು ಚಿಕ್ಕಪ್ಪ ನೋಡಿಯೇ ಇಲ್ಲ ಅಂತಲ್ಲ, ಗೃಹಪ್ರವೇಶದ ದಿನ ನೋಡಿದ್ದಾರೆ. ಅವತ್ತು ಅಡುಗೆಮನೆಯಲ್ಲಿ ಹಾಲು ಉಕ್ಕಿಸಿದ್ದು ಬಿಟ್ಟರೆ ಬೇರೇನೂ ಬೇಯಲಿಲ್ಲ, ಊಟ ಕೇಟರಿಂಗ್‌ನವರದು, ಕೆಳಗಿನ ಪಾರ್ಟಿ ಹಾಲ್‌ನಲ್ಲಿ. ಯಾರೂ ವಾಸ ಮಾಡದ ಮನೆಯನ್ನು ಊರಿಗೆಲ್ಲ ತೋರಿಸಿ, ವಾಸ ಶುರುವಾದ ಮೇಲೆ ಯಾರಿಗೂ ತೋರಿಸದಿರುವುದು ನಮ್ಮ ಹೊಸ ಸಂಪ್ರದಾಯ.

ಹೀಗೆ ಹೋಟೆಲು ನಮ್ಮ ನಡುಮನೆಯಾಗಿದೆ. ಅಲ್ಲಿ ನಮಗೆ ಸಿಗುವ ಉಪಚಾರ ನೋಡಿ. ಬಾಗಿಲಲ್ಲೇ ತಡೆಯುತ್ತಾರೆ, "ಎಷ್ಟು ಜನ?" ಎಂದು ಕೇಳುತ್ತಾರೆ. ಒಂಬತ್ತು ಅಂದರೆ, ಇಷ್ಟೊಂದು ಜನ ಯಾಕೆ ಹುಟ್ಟಿದಿರಿ ಎನ್ನುವ ಹಾಗೆ ನೋಡಿ, ಪುಸ್ತಕದಲ್ಲಿ ಹೆಸರು ಬರೆದುಕೊಂಡು, ಹೊರಗೆ ನಿಲ್ಲಿ ಎನ್ನುತ್ತಾರೆ. ಮುಕ್ಕಾಲು ಗಂಟೆಯಾದ ಮೇಲೆ "ನೈನ್ ಮೆಂಬರ್ಸ್!" ಎಂದು ಕೂಗುತ್ತಾರೆ. ತಿನ್ನುತ್ತಿರುವಾಗಲೇ ತಟ್ಟೆ ಎತ್ತುತ್ತಾರೆ. ಕೈ ತೊಳೆದು ಬರುವಷ್ಟರಲ್ಲಿ ನಮ್ಮ ಕುರ್ಚಿಯಲ್ಲಿ ಇನ್ನೊಬ್ಬರು. ಇದರ ಕಾಲು ಭಾಗವನ್ನು ಚಿಕ್ಕಮ್ಮ ತಮ್ಮ ಮನೆಯಲ್ಲಿ ಮಾಡಿದ್ದರೆ ಎರಡು ಕುಟುಂಬಗಳ ನಡುವೆ ಮೂರು ತಲೆಮಾರು ಮಾತು ನಿಲ್ಲುತ್ತಿತ್ತು. ಹೋಟೆಲಿನವರು ಮಾಡಿದರೆ ಐದು ಸ್ಟಾರು, ಜೊತೆಗೆ "ವರ್ತ್ ದಿ ವೇಟ್" ಎಂಬ ಶಿಫಾರಸು.

ಯಾವ ಹೋಟೆಲು ಎನ್ನುವುದು ಬುಧವಾರದಿಂದಲೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಚರ್ಚೆಯಾಗುತ್ತದೆ. ಇಬ್ಬರಿಗೂ ಮಧ್ಯದಲ್ಲಿರಲಿ ಎನ್ನುತ್ತಾರೆ ಎಲ್ಲರೂ. ಬನಶಂಕರಿಗೂ ಹೆಬ್ಬಾಳಕ್ಕೂ ಮಧ್ಯ ಹುಡುಕಿದರೆ ಸಿಗುವುದು ಮೆಜೆಸ್ಟಿಕ್ಕು, ಅಲ್ಲಿಗೆ ಊರು ಬಿಡುವವರ ಹೊರತು ಯಾರೂ ಕುಟುಂಬಸಮೇತ ಹೋಗುವುದಿಲ್ಲ. ಒಬ್ಬರಿಗೆ ಈರುಳ್ಳಿ ಬೆಳ್ಳುಳ್ಳಿ ಆಗದು. ಇನ್ನೊಬ್ಬಳಿಗೆ ಗ್ಲುಟನ್ ಆಗದು. ಅದು ಏನೆಂದು ಅವಳ ಅಜ್ಜಿ ಕೇಳಿ, ಗೋಧಿಯಲ್ಲಿರುವುದಂತೆ ಎಂದು ತಿಳಿದು, "ಹಾಗಾದ್ರೆ ಮುದ್ದೆ ತಿನ್ನು, ಅದಕ್ಕೇನು ಹೊಸ ಹೆಸರು" ಎಂದರು. ಮಕ್ಕಳಿಗೆ ಗೋಬಿ ಮಂಚೂರಿಯೇ ಬೇಕು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ ಮೇಲೆ ಅದು ತನ್ನ ಹುಟ್ಟುಬಣ್ಣಕ್ಕೆ ಮರಳಿತು. ನಮ್ಮ ಮಕ್ಕಳು ಹೂಕೋಸು ಹೂಕೋಸಿನ ಬಣ್ಣದಲ್ಲಿರುವುದನ್ನು ಮೊದಲ ಸಲ ಕಂಡು, ಇದು ಕೆಟ್ಟುಹೋಗಿದೆ ಎಂದು ವಾಪಸು ಕಳಿಸಿದವು. ಕೊನೆಗೆ ಗುಂಪಿನಲ್ಲಿ ಯಾರೋ ದಣಿದು, "ಸುಮ್ನೆ ದೋಸೆ ತಿನ್ನೋಣ್ರಪ್ಪಾ" ಎಂದು ಬರೆಯುತ್ತಾರೆ. ಹದಿನೇಳು ಹೆಬ್ಬೆರಳು ಮೇಲೇಳುತ್ತವೆ.

ದೋಸೆ ಅಂದರೆ ಗಾಂಧಿ ಬಜಾರು. ಅಲ್ಲಿನ ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ, ಹೆಸರೇ ಹೇಳುವಂತೆ ಸುತ್ತಮುತ್ತಲ ವಿದ್ಯಾರ್ಥಿಗಳಿಗಾಗಿ. ಈಗ ಭಾನುವಾರ ಬೆಳಗ್ಗೆ ಅದರ ಬಾಗಿಲಲ್ಲಿ ನಿಂತವರಲ್ಲಿ ವಿದ್ಯಾರ್ಥಿಗಳು ಕಡಿಮೆ, ತಮ್ಮ ವಿದ್ಯಾರ್ಥಿ ದಿನಗಳನ್ನು ಬೇರೆಯವರಿಗೆ ಕೇಳಿಸುವಂತೆ ನೆನೆಯುವವರು ಜಾಸ್ತಿ. "ನಮ್ ಕಾಲಕ್ಕೆ ಇಲ್ಲಿ ದೋಸೆ ಎಷ್ಟಿತ್ತು ಗೊತ್ತಾ?" ಎಂದು ಒಬ್ಬರು ಶುರು ಮಾಡಿದರೆ ಪಕ್ಕದವರು ಅದಕ್ಕಿಂತ ಎಂಟಾಣೆ ಕಡಿಮೆ ಹೇಳುತ್ತಾರೆ. ಹರಾಜು ಕೆಳಮುಖವಾಗಿ ಸಾಗಿ, ಸಾಲು ಬಾಗಿಲು ಮುಟ್ಟುವಷ್ಟರಲ್ಲಿ ದೋಸೆ ಪುಕ್ಕಟೆಯಾಗಿರುತ್ತದೆ. ಮಾಣಿಯ ತೋಳಿನ ಮೇಲೆ ಭುಜದವರೆಗೆ ಪೇರಿಸಿದ ದೋಸೆ ತಟ್ಟೆಗಳ ಸಾಲು ಕಂಡದ್ದೇ ಎಲ್ಲರ ಫೋನೂ ಮೇಲೇಳುತ್ತದೆ. ಅಷ್ಟು ಭಾರ ಹೊತ್ತವನು ದಾರಿ ಬಿಡಿ ಎನ್ನುತ್ತಿದ್ದಾನೆ, ನಾವು ಸ್ವಲ್ಪ ಈ ಕಡೆ ನೋಡಿ ಎನ್ನುತ್ತಿದ್ದೇವೆ.

ಹೆಸರು ಬರೆದುಕೊಳ್ಳುವ ಶಿಸ್ತಿಲ್ಲದ ಹೋಟೆಲುಗಳಲ್ಲಿ ಇನ್ನೊಂದು ವಿದ್ಯೆ ಬೇಕು, ಕುರ್ಚಿಯ ಹಿಂದೆ ನಿಲ್ಲುವ ವಿದ್ಯೆ. ಯಾರ ಊಟ ಯಾವ ಹಂತದಲ್ಲಿದೆ ಎಂದು ಬಾಗಿಲಿನಿಂದಲೇ ಅಳೆಯಬೇಕು. ಇಡ್ಲಿ ಮುಗಿದು ವಡೆಗೆ ಕೈಹಾಕಿದವನನ್ನು ನಂಬಬಾರದು, ಅವನು ಆಮೇಲೆ ಖಾರಾಬಾತ್ ಹೇಳಬಹುದು. ಕಾಫಿ ಬಂದವನ ಹಿಂದೆ ನಿಲ್ಲಬೇಕು, ಆದರೆ ಕಾಫಿಯನ್ನು ಆರಿಸಿ ಕುಡಿಯುವ ಜಾತಿಯವನಲ್ಲ ಎಂದು ಖಾತ್ರಿ ಮಾಡಿಕೊಂಡು. ನಮ್ಮ ಚಿಕ್ಕಮ್ಮ ಇದರಲ್ಲಿ ಪಳಗಿದವರು. ಕೂತವನ ಕಿವಿಗೆ ಬೀಳುವಂತೆ "ಪಾಪ, ಮಗೂಗೆ ಹಸಿವಾಗಿದೆ" ಎಂದು ಗಾಳಿಗೆ ಹೇಳುತ್ತಾರೆ. ಮಗುವಿಗೆ ಇಪ್ಪತ್ತಾರು ವಯಸ್ಸು, ಸಾಫ್ಟ್‌ವೇರ್ ಕೆಲಸ. ಮುಂದೆ ತಾವು ಕೂತಾಗ ಚಿಕ್ಕಮ್ಮ ಬೆನ್ನ ಹಿಂದಿನವರತ್ತ ತಿರುಗಿಯೂ ನೋಡದೆ ಇನ್ನೊಂದು ಬೈಟು ಕಾಫಿ ಹೇಳಿ, ಮೊಮ್ಮಗಳ ನಾಮಕರಣದ ವಿಷಯ ಎತ್ತುತ್ತಾರೆ. ಬಸ್ಸಿನ ಸೀಟಿಗೆ ಟವಲ್ ಹಾಕಿ ಬೆಳೆದ ಜನಕ್ಕೆ ಇಷ್ಟಾದರೂ ಬಾರದಿದ್ದರೆ ಹೇಗೆ?

ದರ್ಶಿನಿಗಳೇ ವಾಸಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದಾಗ ಲೆಕ್ಕ ನೇರವಾಗಿತ್ತು: ಕುರ್ಚಿ ಇಲ್ಲ, ನಿಂತು ತಿನ್ನಿ, ಹೊರಡಿ, ಅದಕ್ಕೇ ಕಡಿಮೆ ದರ. ಮೋಸವೇ ಇಲ್ಲದ ವ್ಯವಹಾರ. ಈಗಿನವು ಸೋಫಾ ಹಾಕಿ, ಎಸಿ ಹಾಕಿ, ಅಜ್ಜನ ಮನೆಯ ಹಿತ್ತಾಳೆ ಗಂಗಾಳ ಗೋಡೆಗೆ ನೇತು ಹಾಕಿ, ಕೊನೆಗೆ ನಮ್ಮನ್ನು ಫುಟ್‌ಪಾತಿನಲ್ಲಿ ನಿಲ್ಲಿಸುತ್ತವೆ.

ಆ ಫುಟ್‌ಪಾತಿನ ಮೇಲೆ ಚಿಕ್ಕಪ್ಪನಿಗೆ ಹಿಂದಿನ ಕಾಲ ನೆನಪಾಗುತ್ತದೆ. "ಹಿಂದೆಲ್ಲ ಹೀಗಿತ್ತೇನೋ? ರಾತ್ರಿ ಹತ್ತಕ್ಕೆ ಯಾರು ಬಂದ್ರೂ ಒಲೆ ಹಚ್ಚಿ ಊಟ ಹಾಕ್ತಿದ್ವಿ. ಮನೆ ತುಂಬಾ ಜನ. ಈಗ ಯಾರಿಗೂ ಯಾರೂ ಬೇಡ." ಸುತ್ತ ನಿಂತ ಗಂಡಸರೆಲ್ಲ ತಲೆಯಾಡಿಸುತ್ತಾರೆ. ಪಕ್ಕದಲ್ಲಿ ನಿಂತ ಚಿಕ್ಕಮ್ಮ ಮಾತ್ರ ಫೋನಿನಿಂದ ಕಣ್ಣೆತ್ತುವುದಿಲ್ಲ. ರಾತ್ರಿ ಹತ್ತಕ್ಕೆ ಒಲೆ ಹಚ್ಚುತ್ತಿದ್ದ "ನಾವು" ಅವರು. ಚಿಕ್ಕಪ್ಪ ಆಗ ಬಂದವರ ಜೊತೆ ಜಗುಲಿಯಲ್ಲಿ ಕೂತು, ಒಳಗಿನತ್ತ ಕತ್ತು ತಿರುಗಿಸಿ "ಏನೇ, ಆಯ್ತಾ?" ಎಂದು ಕೇಳುತ್ತಿದ್ದರು, ಅವರ ಅತಿಥಿ ಸತ್ಕಾರ ಅಷ್ಟೇ. ಬಂದವರು ಎರಡನೇ ಸಲ ಹುಳಿ ಕೇಳಿದರೆ ಚಿಕ್ಕಮ್ಮನ ಪಾಲಿಗೆ ಉಪ್ಪಿನಕಾಯಿ. ಭಾನುವಾರ ಹೋಟೆಲಿನ ಮುಂದೆ ಗಂಟೆಗಟ್ಟಲೆ ನಿಂತರೂ ಯಾವ ಹೆಂಗಸೂ ಗೊಣಗುವುದನ್ನು ನಾನು ಕಂಡಿಲ್ಲ. ಗೊಣಗುವವರು ಗಂಡಸರು. ನಿಂತು ಕಾಯುವುದು ಅವರಿಗೆ ಹೊಸದು.

"ಯಾರು ಬಂದ್ರೂ" ಎಂಬ ಮಾತಿಗೂ ಒಂದು ಗೆರೆ ಇತ್ತು. ಕೆಲವರಿಗೆ ನಡುಮನೆ, ಕೆಲವರಿಗೆ ಜಗುಲಿ, ಕೆಲವರಿಗೆ ಅಂಗಳ, ಇನ್ನು ಕೆಲವರಿಗೆ ಗೋಡೆಯ ಗೂಡಿನಲ್ಲಿ ಬೇರೆಯಾಗಿ ಇಟ್ಟ ಲೋಟ. ಹಳೆಯ ಹೋಟೆಲುಗಳಲ್ಲೂ ಜಾತಿ ನೋಡಿ ಒಳಕೋಣೆ ಹೊರಕೋಣೆ ಎಂದು ಕೂರಿಸುತ್ತಿದ್ದ ಕಾಲವಿತ್ತು. ಹೊರಗೆ ತಿನ್ನುವುದೇ ಮೈಲಿಗೆ ಎಂದು ನಂಬಿದ್ದ ಹಿರಿಯರು ಕದ್ದು ಮಸಾಲೆ ದೋಸೆ ತಿಂದು, ವೀಳ್ಯದೆಲೆ ಜಗಿದು, ಏನೂ ಆಗದವರಂತೆ ಮನೆಗೆ ಬಂದು ಸಂಧ್ಯಾವಂದನೆಗೆ ಕೂರುತ್ತಿದ್ದರು. ಇವತ್ತು ಫುಟ್‌ಪಾತಿನ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುವವನು ಹೆಸರಿನ ಹಿಂದುಮುಂದು ವಿಚಾರಿಸುವುದಿಲ್ಲ. ಎಷ್ಟು ಜನ ಎಂದಷ್ಟೇ ಕೇಳುತ್ತಾನೆ. ಚಿಕ್ಕಪ್ಪನಿಗೆ ಅವಮಾನವೆನಿಸುವುದು ಬಹುಶಃ ಅದೇ, ತಾವು ಯಾರೆಂದು ಅವನು ಕೇಳಲೇ ಇಲ್ಲವಲ್ಲ ಎಂದು.

ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನ ಕಥೆ ಇನ್ನೂ ಚೆನ್ನಾಗಿದೆ. 1924ರಲ್ಲಿ ಹುಟ್ಟಿದ ಹೋಟೆಲು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿ, ರವೆ ಇಡ್ಲಿ ನಮ್ಮದೇ ಸೃಷ್ಟಿ ಎಂದುಕೊಳ್ಳುವ ಹೋಟೆಲು. ತುರ್ತು ಪರಿಸ್ಥಿತಿಯಲ್ಲಿ ತಿಂಡಿಯ ಬೆಲೆ ಇಳಿಸಬೇಕೆಂಬ ಸರ್ಕಾರಿ ಆಜ್ಞೆ ಬಂದಾಗ, ಬೆಲೆಯ ಜೊತೆ ಗುಣವನ್ನು ಇಳಿಸಲು ಒಪ್ಪದೆ ಕೆಲಕಾಲ ಬಾಗಿಲು ಹಾಕಿತು. ಪುಡಿ, ಮಿಕ್ಸ್‌ಗಳ ವ್ಯಾಪಾರಕ್ಕೆ ಒತ್ತು ಕೊಟ್ಟಿತು. ಹೋಟೆಲಿನ ರುಚಿ ಪೊಟ್ಟಣದಲ್ಲಿ ಕೂತು ಮನೆಗಳಿಗೆ ಬಂತು. ಆ ಪೊಟ್ಟಣದ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು, ಹೋಟೆಲು ಮನೆತನದವರಲ್ಲೇ ಉಳಿಯಿತು. ಈಗ ನಮ್ಮೆಲ್ಲರ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ರವೆ ಇಡ್ಲಿಯ ಪೊಟ್ಟಣವಿದೆ, ಕತ್ತರಿಸಿ ಮೊಸರು ಕಲಸಿದರೆ ಇಪ್ಪತ್ತು ನಿಮಿಷದ ಕೆಲಸ. ಅದನ್ನು ಅಲ್ಲೇ ಬಿಟ್ಟು ಲಾಲ್‌ಬಾಗ್ ರಸ್ತೆಯಲ್ಲಿ ರವೆ ಇಡ್ಲಿಗಾಗಿ ಸಾಲು ನಿಲ್ಲುತ್ತೇವೆ. ಪೊಟ್ಟಣದ ಅವಧಿ ಮುಗಿದಾಗ ಎಸೆದು ಇನ್ನೊಂದು ತಂದಿಡುತ್ತೇವೆ. ಯಾರಾದರೂ ದಿಢೀರನೆ ಬಂದರೆ ಇರಲಿ ಅಂತ. ದಿಢೀರನೆ ಯಾರೂ ಬರದಂತೆ ಗೇಟಿನಲ್ಲಿ ಆ್ಯಪ್ ಇಟ್ಟಿದ್ದೇವೆ.

ಊರಾಚೆಯ ನೆಂಟರ ವಿಷಯದಲ್ಲಿ ಮಾತ್ರ ನಾವು ಇನ್ನೂ ಹಳೆಯ ಪದ್ಧತಿಯನ್ನು ಬಿಟ್ಟಿಲ್ಲ. ಮೈಸೂರಿನ ಅಕ್ಕನ ಮನೆಗೆ ಹೇಳದೆ ಕೇಳದೆ ಹೋಗಬಹುದು. ಅಕ್ಕ ಇನ್ನೂ ಅಡುಗೆ ಮಾಡುತ್ತಾಳೆ, ಮೇಲಾಗಿ ಅವಳ ಮನೆಗೆ ಗೇಟಿದೆಯೇ ಹೊರತು ಗೇಟಿನವನಿಲ್ಲ. ಮೊದಲು ಈ ಪ್ರಯಾಣ ಪೂರ್ತಿ ತಿಂಡಿಯ ಮೇಲೆ ನಿಂತಿತ್ತು. ಬಿಡದಿಯಲ್ಲಿ ತಟ್ಟೆ ಇಡ್ಲಿ, ಚನ್ನಪಟ್ಟಣದಲ್ಲಿ ಮಕ್ಕಳಿಗೆ ಬಣ್ಣದ ಗೊಂಬೆ, ಮದ್ದೂರಿನಲ್ಲಿ ವಡೆ. ಅಕ್ಕನ ಮನೆ ಮುಟ್ಟುವಾಗ ಯಾರ ಹೊಟ್ಟೆಯಲ್ಲೂ ಜಾಗವಿರುತ್ತಿರಲಿಲ್ಲ, ಅಕ್ಕ ಮುನಿಸಿಕೊಳ್ಳುತ್ತಿದ್ದಳು, ಅವಳ ಮುನಿಸಿಗೆ ಹೆದರಿ ಎಲ್ಲರೂ ಮತ್ತೆ ತಿನ್ನುತ್ತಿದ್ದರು. 2023ರ ಮಾರ್ಚ್ 12ರಂದು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲಕ್ಕೂ ಬೈಪಾಸ್. ಹೆದ್ದಾರಿಯ ಗಿರಾಕಿಯನ್ನೇ ನಂಬಿದ್ದ ಇಡ್ಲಿಯವರು, ವಡೆಯವರು, ಗೊಂಬೆಯವರು ಹಳೇ ರಸ್ತೆಯಲ್ಲಿ ಕೂತು ಮೇಲೆ ಹಾರುವ ಕಾರುಗಳ ಸದ್ದು ಕೇಳುವಂತಾಯಿತು. ಬೆಂಗಳೂರಿನಿಂದ ಮೈಸೂರಿಗೆ 75 ನಿಮಿಷ ಎಂದರು. ಸುಳ್ಳಲ್ಲ. ಆದರೆ ಆ ಬೆಂಗಳೂರು ಕೆಂಗೇರಿಯ ಆಚೆ ಶುರುವಾಗುತ್ತದೆ. ಹೆಬ್ಬಾಳದಿಂದ ಅಲ್ಲಿಗೆ ಬರಲು ಇನ್ನೊಂದು 75 ನಿಮಿಷ ಬೇಕು, ಅದಕ್ಕೆ ಟೋಲ್ ಇಲ್ಲ ಎಂಬುದೊಂದೇ ಸಮಾಧಾನ.

ಹಾಗೆ ಉಳಿಸಿದ ಸಮಯದಲ್ಲಿ ಅಕ್ಕನ ಮನೆಗೆ ಹಸಿದುಕೊಂಡು, ಬೇಗ ತಲುಪುತ್ತೇವೆ. ಅವಳಿನ್ನೂ ಒಗ್ಗರಣೆ ಹಾಕುತ್ತಿರುತ್ತಾಳೆ. ಬಾಳೆಎಲೆ, ಕೋಸಂಬರಿ, ಎರಡು ಪಲ್ಯ, ಸಾರು, ಹುಳಿ, ಹೊತ್ತು ಮುಳುಗುವ ಮುಂಚೆ ಇನ್ನೊಮ್ಮೆ ಕಾಫಿಯ ಜೊತೆ ಚಕ್ಕುಲಿ. ಡಬ್ಬಿಯಲ್ಲಿ ಮೈಸೂರು ಪಾಕು ಕಟ್ಟಿಕೊಡುತ್ತಾಳೆ. ಹೊರಡುವಾಗ ನಾವು ತುಂಬು ಮನಸ್ಸಿನಿಂದ "ನೀನು ನಮ್ಮನೆಗೆ ಬರೋದೇ ಇಲ್ವಲ್ಲಕ್ಕ" ಎಂದು ಆಕ್ಷೇಪಿಸುತ್ತೇವೆ. ಪಾಪ, ಅವಳು ಅದನ್ನು ನಂಬಿ, ಕಣ್ಣಿನ ಪೊರೆ ತೋರಿಸಲು ಬೆಂಗಳೂರಿಗೆ ಬಂದಾಗ ಫೋನು ಮಾಡುತ್ತಾಳೆ. ಅವಳನ್ನು ಮಾಲ್‌ನ ಫುಡ್ ಕೋರ್ಟಿಗೆ ಕರೆದೊಯ್ದು, ಕೈಯಲ್ಲಿ ನಂಬರು ಮಿನುಗುವ ಯಂತ್ರ ಕೊಟ್ಟು ಕೂರಿಸುತ್ತೇವೆ. ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು ಬಂದವಳಿಗೆ ನಂಬರು ಕಾಣುವುದಿಲ್ಲ. "ಏನೂ ತೊಂದ್ರೆ ಇಲ್ಲಕ್ಕ, ಅದು ನಡುಗುತ್ತೆ, ಗೊತ್ತಾಗುತ್ತೆ" ಎನ್ನುತ್ತೇವೆ.

ಊಟವೆಂದ ಮೇಲೆ ಬಿಲ್ಲು. ಕನ್ನಡದ ಗಂಡಸರ ಶೌರ್ಯ ಹಲ್ಮಿಡಿಯಿಂದ ಇಲ್ಲಿಯವರೆಗೆ ಶಾಸನಗಳಲ್ಲಿ ದಾಖಲಾಗುತ್ತ ಬಂದು ಈಗ ಹೋಟೆಲ್ ಬಿಲ್ಲಿನಲ್ಲಿ ಉಳಿದುಕೊಂಡಿದೆ. ಚರ್ಮದ ಪುಸ್ತಕ ಮೇಜಿಗೆ ಬಿದ್ದ ಕ್ಷಣ ಇಬ್ಬರು ಹಾರುತ್ತಾರೆ. "ನೀನು ಸುಮ್ನಿರು." "ಛೆ, ನೀವು ದೊಡ್ಡೋರು, ಕೂತ್ಕೊಳಿ." "ಅಣ್ಣ ಇದ್ದಿದ್ರೆ ಹೀಗೆ ಮಾಡ್ತಿದ್ಯಾ?" ತೀರಿಕೊಂಡ ಅಣ್ಣನನ್ನು ಎಳೆದು ತಂದ ಮೇಲೆ ಎದುರಾಳಿ ಸೋಲಬೇಕು ಎಂಬುದು ನಿಯಮ. ಮಾಣಿಗೆ ಈ ಜಗಳ ಎಷ್ಟು ಅಭ್ಯಾಸವೆಂದರೆ, ಯಾರ ಕೈ ಜೇಬಿನವರೆಗೆ ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಯಾರದು ಹೊರಗೆ ಬರುತ್ತದೆ ಎಂದು ದೂರದಿಂದಲೇ ಹೇಳಬಲ್ಲ. ಅಂಥದೊಂದು ಹವಾನಿಯಂತ್ರಿತ ಹೋಟೆಲಿನಲ್ಲಿ ಬಿಲ್ಲಿನ ಕೊನೆಗೆ ಸೇವಾ ಶುಲ್ಕ ಕೂತಿತ್ತು. ಅದನ್ನು ಕೇಳದೆ ಸೇರಿಸುವಂತಿಲ್ಲ ಎಂದು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ಹೋಟೆಲಿನವರು ಕೋರ್ಟು ಹತ್ತಿದ ಮೇಲೆ 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟೂ ಅದನ್ನೇ ಹೇಳಿತು. ಇದು ಮೇಜಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೆ ಬಿಲ್ಲಿಗಾಗಿ ಕಾದಾಡಿ ಗೆದ್ದವನು ಆ ಶುಲ್ಕ ತೆಗೆಯಿರಿ ಎಂದು ಹೇಗೆ ಹೇಳಿಯಾನು? ಗೆದ್ದವನ ಜಿಪುಣತನ ಸೋತವನ ಮನೆಯಲ್ಲಿ ಆರು ತಿಂಗಳ ಚರ್ಚೆ. ನಗುತ್ತ ಕೊಟ್ಟ. ಮುಕ್ಕಾಲು ಗಂಟೆ ನಿಲ್ಲಿಸಿದ್ದಕ್ಕೆ ಸೇವಾ ಶುಲ್ಕ.

ಯುಪಿಐ ಬಂದು ಈ ಕಾಳಗದ ಸೊಬಗು ಕೆಟ್ಟಿತು. ಹಾಳೆ ಕಿತ್ತಾಡುವಂತಿಲ್ಲ, ಯಾರ ಫೋನು ಮೊದಲು ಸ್ಕ್ಯಾನ್ ಮಾಡಿತೋ ಅವರ ಗೆಲುವು. ಹುಷಾರಾದವರು ನೆಟ್‌ವರ್ಕ್ ಕೈಕೊಡುವ ಸಿಮ್ ಇಟ್ಟುಕೊಂಡಿರುತ್ತಾರೆ. ಪರದೆಯ ಮೇಲೆ ಚಕ್ರ ತಿರುಗುತ್ತಿರುವಾಗ "ನೋಡು, ಹೋಗ್ತಾನೇ ಇಲ್ಲ" ಎಂದು ಎಲ್ಲರಿಗೂ ತೋರಿಸುತ್ತಾರೆ. 2025ರ ಜುಲೈನಲ್ಲಿ ಸಣ್ಣ ವ್ಯಾಪಾರಿಗಳಿಗೆ ಅವರ ಯುಪಿಐ ಲೆಕ್ಕ ಹಿಡಿದು ತೆರಿಗೆ ನೋಟಿಸು ಬಂದು, ಊರ ತುಂಬ ಅಂಗಡಿಗಳಲ್ಲಿ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಹಾಳೆ ನೇತಾಡಿತಲ್ಲ, ಆಗ ನಮ್ಮ ಕುಟುಂಬದಲ್ಲಿ ಕೆಲವು ವಾರ ಅಪರೂಪದ ಶಾಂತಿ ನೆಲೆಸಿತ್ತು. ಎಲ್ಲರೂ ಒಂದೇ ಸಲ ಜೇಬು ತಟ್ಟಿಕೊಂಡು, ಒಬ್ಬರ ಮುಖ ಒಬ್ಬರು ನೋಡಿದೆವು. ನಗದು ಇದ್ದದ್ದು ಅಜ್ಜಿಯ ಬಳಿ ಮಾತ್ರ, ಸೊಂಟದ ಚೀಲದಲ್ಲಿ. ಅವರು ಒಂದೊಂದೇ ನೋಟು ಬೆರಳಿಗೆ ಉಗುಳು ಹಚ್ಚಿ ಎಣಿಸಿಕೊಟ್ಟು, ಈ ದುಡ್ಡಿಗೆ ಮನೆಯಲ್ಲಿ ಎಷ್ಟು ದೋಸೆ ಆಗುತ್ತಿತ್ತು ಎಂದು ಕಾರು ಹತ್ತುವ ತನಕ ಹೇಳಿದರು.

ಮಾತು ಅಂತ ನಡೆಯುವುದು ಪಾರ್ಕಿಂಗ್ ಜಾಗದಲ್ಲಿ. ಒಳಗೆ ಮೇಜಿನ ಸುತ್ತ ಏನು ಮಾತಾಡಿದೆವು? ಚಟ್ನಿ ಚೆನ್ನಾಗಿದೆ, ಎಸಿ ಜಾಸ್ತಿಯಾಯಿತು, ಇಲ್ಲಿ ಮೊದಲಿನ ರುಚಿ ಇಲ್ಲ. ಹೊರಗೆ ಬಂದು ಕಾರಿನ ಬಾಗಿಲು ತೆರೆದು, ಒಂದು ಕಾಲು ಒಳಗಿಟ್ಟ ಮೇಲೆ ಚಿಕ್ಕಮ್ಮ ತಿರುಗಿ "ಅಂದಹಾಗೆ, ಅವಳ ಡೈವೋರ್ಸ್ ವಿಷಯ ಏನಾಯ್ತು?" ಎಂದು ಕೇಳುತ್ತಾರೆ. ಆ ಕಾಲು ಮತ್ತೆ ಹೊರಗೆ ಬರುತ್ತದೆ. ಇನ್ನೊಂದು ಕಡೆ ಗಂಡಸರಲ್ಲಿ ಊರಿನ ತೋಟದ ಪಾಲಿನ ಮಾತು ಶುರುವಾಗುತ್ತದೆ. ಚಿಕ್ಕಪ್ಪನ ಎದೆಯಲ್ಲಿ ಸ್ಟೆಂಟ್ ಹಾಕಿದ್ದು ಅಣ್ಣನ ಮಗನಿಗೆ ಅಲ್ಲೇ, ಎರಡು ಸ್ಕೂಟರುಗಳ ನಡುವೆ ನಿಂತು ತಿಳಿಯುತ್ತದೆ. "ಹೇಳೇ ಇಲ್ವಲ್ಲ ಚಿಕ್ಕಪ್ಪ!" "ಹೇಳೋಣ ಅಂತಾನೇ ಬಂದಿದ್ದು. ಒಳಗೆ ಅವನು ತಟ್ಟೆ ಎತ್ತೋಕೆ ಬಂದ್ನಲ್ಲ." ಹಿಂದೆ ಮೂರು ಕಾರು ಹಾರ್ನ್ ಒತ್ತುತ್ತಿವೆ. ಕಾವಲುಗಾರ ಸೀಟಿ ಊದುತ್ತ ಓಡಿಬಂದು, ಒಂದು ಗಂಟೆ ದಾಟಿದೆ, ಇನ್ನೂ ನಲವತ್ತು ರೂಪಾಯಿ ಆಗುತ್ತದೆ ಎಂದು ಚೀಟಿ ಹಿಡಿಯುತ್ತಾನೆ.

ಅದಕ್ಕೆ ಮಾತ್ರ ಇಬ್ಬರಲ್ಲಿ ಯಾರೂ "ನೀನು ಸುಮ್ನಿರು" ಎನ್ನುವುದಿಲ್ಲ.